ಹಿನ್ನೀರಿನ ಹೂಳು

ನಿನ್ನೆ ಸಂಜೆ ತುಂಗಭದ್ರಾ ಹಿನ್ನೀರಿನ ಅಂಚಿಗೆ ಹೋಗಿದ್ದೆ. ಬೇಸಿಗೆಗೆ ನೀರು ಹಿಂದೆ ಸರಿದಲ್ಲೆಲ್ಲ ನೆಲ ಬಿರುಕು ಬಿಟ್ಟಿದೆ. ಒಂದು ಹೆಂಟೆ ಎತ್ತಿ ಮುರಿದೆ. ಒಳಗಿನ್ನೂ ತೇವ. ಬೆರಳಲ್ಲಿ ತಿಕ್ಕಿದರೆ ಹಿಟ್ಟಿನಷ್ಟು ನುಣುಪು, ಒಂದು ಕಾಳು ಮರಳೂ ಇಲ್ಲ.

ಮರಳು ಭಾರ. ಹೊಳೆಯ ಓಟ ತಗ್ಗಿದ ಕೂಡಲೇ ಹಿನ್ನೀರು ಶುರುವಾಗುವಲ್ಲೇ ಕುಳಿತುಬಿಡುತ್ತದೆ. ಈ ನುಣ್ಣನೆ ಜೇಡಿ ಮಾತ್ರ ನೀರಿನ ಜೊತೆಗೇ ದೂರ ಬಂದು, ನೀರು ನಿಂತ ಮೇಲೆ ನಿಧಾನಕ್ಕೆ ತಳ ಸೇರುತ್ತದೆ. ಮಲೆನಾಡಿನ ಯಾವ ಗುಡ್ಡದ್ದೋ, ಯಾರ ಹೊಲದ ಮೇಲ್ಮಣ್ಣೋ! ಮಳೆಗಾಲದಲ್ಲಿ ಹೊಳೆ ಕೆಂಪಾದರೆ "ಹೊಸ ನೀರು ಬಂತು" ಅಂತ ಓಡಿ ಹೋಗಿ ನೋಡುತ್ತಿದ್ದೆವು. ಆ ಬಣ್ಣವೆಲ್ಲ ಹೀಗೆ ಕೊಚ್ಚಿಹೋಗುತ್ತಿದ್ದ ಮಣ್ಣೇ ಅನ್ನೋದು ಕೈಯಲ್ಲಿ ಹಿಡಿದಾಗ ಎದೆಗಿಳಿಯಿತು.

1953ರಲ್ಲಿ ಕಟ್ಟಿದ ಅಣೆಕಟ್ಟು. ಮೊದಲು ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗವೆಲ್ಲ ಹೂಳಿನದು. ಕಾಲುವೆಯ ಕೊನೆಯಲ್ಲಿ ಹೊಲ ಇರುವವರಿಗೆ ಈ ಲೆಕ್ಕ ಎಷ್ಟು ಸಂಕಟದ್ದು ಅಂತ ಬೇರೆ ಹೇಳಬೇಕಿಲ್ಲ.

ಅರ್ಧ ಹೆಂಟೆ ಮನೆಗೆ ತಂದು ದಾಸವಾಳದ ಕುಂಡಕ್ಕೆ ಹಾಕಿದ್ದೇನೆ. ಬೆಳಿಗ್ಗೆ ನೀರು ಹೊಯ್ದೆ, ಮೆಲ್ಲಗೆ ಕರಗಿ ಬೇರಿನ ಕಡೆ ಇಳಿಯಿತು.