ಘಾಟಿ ಹತ್ತೋಕೂ ಪರ್ಮಿಷನ್ ಬೇಕಾಯ್ತು

ಭಾನುವಾರ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಎರಡನೇ ಸ್ಕೂಬಾ ಡೈವ್ ಮುಗಿದಾಗ ಮಧ್ಯಾಹ್ನ ಒಂದು. ರಾತ್ರಿಯೊಳಗೆ ಚಿಕ್ಕಮಗಳೂರು ಸೇರ್ತೀನಿ ಅಂತ ಅಮ್ಮನಿಗೆ ಹೇಳಿಬಿಟ್ಟಿದ್ದೆ. ಮನೇಲಿ ಕಾಫಿ ಕೊಯ್ಲು, ಆಳು ಕಮ್ಮಿ.

ಬಾಡಿಗೆಗೆ ತಗೊಂಡು ಕೈಗೆ ಕಟ್ಟಿದ್ದ, ಆಳ-ಸಮಯ ಲೆಕ್ಕ ಇಡೋ ಡೈವ್ ಕಂಪ್ಯೂಟರ್ ತೋರಿಸಿ ಟ್ರೇನರ್ ತಡೆದ್ರು. ಪರದೆ ಮೂಲೇಲಿ ಪುಟ್ಟ ವಿಮಾನ, ಪಕ್ಕದಲ್ಲಿ 24 ಗಂಟೆಯ ಕೌಂಟ್‌ಡೌನ್, ಅಲ್ಲೀವರೆಗೆ ವಿಮಾನ ಹತ್ತಬಾರದು ಅಂತ. "ನಾನು ಹೋಗೋದು ಕಾರಲ್ಲಿ ಸಾರ್" ಅಂದೆ. "ನಿಮ್ಮೂರು ಎಷ್ಟು ಎತ್ತರದಲ್ಲಿದೆ?" ಅಂದ್ರು.

ಹೌದಲ್ವಾ! ಸುಮಾರು 3,400 ಅಡಿ. ಆಳದಲ್ಲಿ ಒತ್ತಡಕ್ಕೆ ಮೈಯೊಳಗೆ ಕರಗಿದ ಸಾರಜನಕ ನಿಧಾನಕ್ಕೆ ಉಸಿರಲ್ಲೇ ಹೊರಗೆ ಹೋಗಬೇಕು. ಅದಕ್ಕೇ ನಿಮಿಷಕ್ಕೆ 9 ಮೀಟರ್‌ಗಿಂತ ಜೋರಾಗಿ ಮೇಲೆ ಬರಬಾರದು, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಬೇಕು. ಇಷ್ಟೂ ಮಾಡಿ, ಅದೇ ದಿನ ಚಾರ್ಮಾಡಿ ಹತ್ತಿದ್ರೆ ಗಾಳಿಯ ಒತ್ತಡ ಮತ್ತೆ ಇಳಿಯುತ್ತೆ. ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ, ಗುಳ್ಳೆ ಏಳಬಹುದು, ಕೀಲಲ್ಲಿ, ಕೆಟ್ಟ ಗ್ರಹಚಾರವಾದ್ರೆ ಬೆನ್ನುಹುರಿಯಲ್ಲಿ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕಂತೆ.

"ನೀರಿಗಿಳಿದೋನು ಬೆಟ್ಟಕ್ಕೆ ಹೆದರ್ತೀಯಾ?" ಅಂತ ಅಮ್ಮ ಫೋನಲ್ಲಿ ನಕ್ಕರು. ಮುಳ್ಳಯ್ಯನಗಿರಿ ಕೆಳಗೇ ಹುಟ್ಟಿ ಬೆಳೆದ ನನಗೆ ಎತ್ತರ ಅನ್ನೋದು ಒಂದು ಲೆಕ್ಕಕ್ಕೇ ಇರಲಿಲ್ಲ, ನಿಜ.

ರಾತ್ರಿ ಉಡುಪಿಯಲ್ಲೇ ಉಳಿದೆ. ಸೋಮವಾರ ಉಜಿರೆಯಲ್ಲಿ ಊಟ ಮುಗಿಸಿ ಕೈ ನೋಡ್ಕೊಂಡ್ರೆ ವಿಮಾನ ಮಾಯ. ಕೊಟ್ಟಿಗೆಹಾರದಲ್ಲಿ ಮಂಜು, ಜೊತೆಗೆ ನಾಲ್ಕು ನೀರುದೋಸೆ.