ಕೊಡಗಿನಲ್ಲೇ ಇದ್ದು ಮ್ಯೂಸಿಕ್ ಪ್ರೊಡ್ಯೂಸರ್ ಆಗಬಹುದೇ?

ಗೋಣಿಕೊಪ್ಪದ ಕಾಲೇಜು ಹುಡುಗ, ಸೋಮವಾರಪೇಟೆಯಲ್ಲಿ ಕೀಬೋರ್ಡ್ ಕಲಿಯುತ್ತಿರುವ ಹುಡುಗಿ, ಮಗನ ಪರವಾಗಿ ಫೋನ್ ಮಾಡುವ ತಂದೆ, ಎಲ್ಲರೂ ಕೇಳುವುದು ಇದನ್ನೇ: "ಮ್ಯೂಸಿಕ್ ಪ್ರೊಡ್ಯೂಸರ್ ಆಗಬೇಕು. ಏನೇನು ಕೊಳ್ಳಬೇಕು? ಬೆಂಗಳೂರಿಗೆ ಹೋಗಲೇಬೇಕೇ?"

ಆ ತಂದೆಗೆ ಮೊದಲು ಹೆಸರಿನ ಗೊಂದಲವನ್ನೇ ಬಿಡಿಸಬೇಕಾಯಿತು. ಸಿನಿಮಾದಲ್ಲಿ ನಿರ್ಮಾಪಕರೆಂದರೆ ಹಣ ಹಾಕುವವರು. ಸಂಗೀತದಲ್ಲಿ ಹಾಗಲ್ಲ. ರಾಗ ಹೊಳೆದ ಗಳಿಗೆಯಿಂದ ಹಾಡು ಕೇಳುಗರ ಕಿವಿ ತಲುಪುವವರೆಗೆ ಯಾವ ವಾದ್ಯ ಎಲ್ಲಿ ಬರಬೇಕು, ಯಾವ ಟೇಕ್ (ಒಂದು ಸಲದ ರೆಕಾರ್ಡಿಂಗ್) ಉಳಿಯಬೇಕು, ಎಲ್ಲಿ ಮೌನ ಬೇಕು ಎಂದು ತೀರ್ಮಾನಿಸುವ ಹೊಣೆ ಈ ಕೆಲಸದವರದು.

ನನ್ನ ಉತ್ತರ ಇಷ್ಟು: ಈಗಲೇ ಬೆಂಗಳೂರಿಗೆ ಹೋಗಬೇಡಿ. ಊರಿನಲ್ಲಿ ಹಾಡುವವರೊಬ್ಬರನ್ನು ಕೂರಿಸಿ, ಒಂದು ಹಾಡನ್ನು ಪೂರ್ತಿ ಮುಗಿಸಿ ಅವರ ಕೈಗೆ ಕೊಡಿ. ಆಮೇಲೆ ಇನ್ನೊಂದು. ಅರ್ಧಕ್ಕೆ ನಿಂತ ನಲವತ್ತು ಬೀಟ್‌ಗಳಿಗಿಂತ ಮುಗಿದ ಮೂರು ಹಾಡು ಹೆಚ್ಚು ಕಲಿಸುತ್ತವೆ.

ಸಾಮಾನಿನ ಮಾತು ಬೇಗ ಮುಗಿಯುತ್ತದೆ. ಮನೆಯಲ್ಲಿರುವ ಲ್ಯಾಪ್‌ಟಾಪ್, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ, ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್, ಒಂದು ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ಹಾಡು ರೆಕಾರ್ಡ್ ಮಾಡಿ ಜೋಡಿಸುವ ರೀಪರ್ ತಂತ್ರಾಂಶವನ್ನು 60 ದಿನ ಹಣ ಕೊಡದೆ ಬಳಸಿ ನೋಡಬಹುದು. ಜೊತೆಗೆ ಒಂದು ಯುಪಿಎಸ್ ಇಟ್ಟುಕೊಳ್ಳಿ. ಒಳ್ಳೆಯ ಟೇಕ್ ನಡುವೆ ಕರೆಂಟ್ ಹೋದರೆ ಹಾಡುವವರ ಉತ್ಸಾಹವನ್ನು ಮತ್ತೆ ಅದೇ ಮಟ್ಟಕ್ಕೆ ತರುವುದು ಕಷ್ಟ. ನಮ್ಮ ತೇವಕ್ಕೆ ಮೈಕ್ ಹಾಳಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಕೊಡವರ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಹೆಂಚಿನ ಮೇಲೆ ಸುರಿಯುವಾಗ ಯಾವ ಮೈಕಿನಲ್ಲೂ ರೆಕಾರ್ಡಿಂಗ್ ಆಗುವುದಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ನಾನು ಹೆಡ್‌ಫೋನ್ ಹಾಕಿಕೊಂಡು ಮಿಕ್ಸಿಂಗ್, ಅಂದರೆ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ ಮಾಡುತ್ತೇನೆ. ಹಾಡಿಸುವ ಕೆಲಸಗಳೆಲ್ಲ ಮಳೆ ನಿಂತ ಮೇಲೆ. ಕಾಫಿ ಕೊಯ್ಲಾದ ನಂತರ ಗೋದಾಮಿನಲ್ಲಿ ತುಂಬಿದ ಚೀಲಗಳ ಸಾಲುಗಳ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಮರಳಿ ಬರುವುದೇ ಇಲ್ಲ. ನನ್ನ ಮೊದಲ ಎರಡು ಹಾಡುಗಳ ದನಿಯನ್ನು ಹಿಡಿದದ್ದು ಅಲ್ಲಿಯೇ.

ನಿಜವಾದ ಪಾಠ ಸಿಕ್ಕಿದ್ದು ಒಂದು ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಜಗುಲಿಯಲ್ಲಿ. ನಾಲ್ವರು ಹಿರಿಯರು ದುಡಿ, ಅಂದರೆ ಕೋಲಿನಿಂದ ಬಾರಿಸುವ ಪುಟ್ಟ ಚರ್ಮವಾದ್ಯ ಹಿಡಿದು ಹಾಡಲು ಕುಳಿತಿದ್ದರು. ಮೈಕನ್ನು ಒಂದು ದುಡಿಗೆ ಗೇಣು ದೂರದಲ್ಲಿಟ್ಟೆ. ಕೇಳಿಸಿದಾಗ ಅವರಲ್ಲಿ ಹಿರಿಯರಾದ ಅಜ್ಜ, "ಕೋಲು ಕೇಳುತ್ತದೆ, ಹಾಡು ಎಲ್ಲಿ?" ಎಂದರು. ಮೈಕನ್ನು ಐದಡಿ ಹಿಂದಕ್ಕೆ ಸರಿಸಿ, ಹಾಡುವವರ ಬಾಯಿಯ ಎತ್ತರಕ್ಕೆ ತಂದೆ. ಆಗ ಇನ್ನೊಂದು ಸಂಗತಿ ಕೇಳಿಸಿತು. ಇಬ್ಬರು ಒಂದು ಸಾಲು ಹಾಡುತ್ತಾರೆ, ಇನ್ನಿಬ್ಬರು ಅದನ್ನೇ ಮರಳಿ ಹಾಡುತ್ತಾರೆ. ಆದರೆ ಮೊದಲ ಜೋಡಿಯ ಕೊನೆಯ ಸ್ವರ ಆರುವ ಮೊದಲೇ ಎರಡನೆಯ ಜೋಡಿ ಅದರೊಳಗೆ ಕಾಲಿಡುತ್ತದೆ. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮೆಟ್ರೊನೋಮ್‌ನ (ತಾಳ ಕೊಡುವ ಯಂತ್ರದ) ಟಿಕ್‌ ಟಿಕ್‌ಗೆ ಹಾಡಿಸಿದ್ದರೆ ಆ ಬೆಸುಗೆ ಸತ್ತೇ ಹೋಗುತ್ತಿತ್ತು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ ಕೊಡವ ಜನಪದ ಹಾಡುಗಳು 1924ರಲ್ಲೇ 'ಪಟ್ಟೋಲೆ ಪಳಮೆ'ಯಾಗಿ ಅಚ್ಚಾದವು. ಮಾತು ಪುಸ್ತಕದಲ್ಲಿ ಉಳಿದಿದೆ. ಆ ಬೆಸುಗೆಯನ್ನು ಉಳಿಸುವುದು ನಮ್ಮ ಕೆಲಸ. ಅಂಥ ಹಾಡನ್ನು ಹಂಚುವ ಮೊದಲು ಹಾಡಿದವರ ಒಪ್ಪಿಗೆ ಪಡೆಯಿರಿ. ಅವರ ಹೆಸರು ಹಾಕುವುದನ್ನು ಮರೆಯಬೇಡಿ.

ಇನ್ನು ಹೊಟ್ಟೆಪಾಡು. ಮೊದಲ ವರ್ಷಗಳಲ್ಲಿ ಹಾಡೊಂದರಿಂದಲೇ ಜೀವನ ಸಾಗುವುದಿಲ್ಲ. ಮದುವೆಯ ವಿಡಿಯೋ, ಕಿರುಚಿತ್ರ, ಬೇರೆಯವರ ಹಾಡಿನ ಮಿಕ್ಸಿಂಗ್, ಯಾವುದನ್ನೂ ಕೀಳೆಂದು ತಳ್ಳಬೇಡಿ. ಮಡಿಕೇರಿ ದಸರಾ ಮೆರವಣಿಗೆಯಲ್ಲಿ ಪುರಾಣದ ಕಥೆ ತೋರಿಸುತ್ತಾ ಸಾಗುವ ಹತ್ತು ಮಂಟಪಗಳಿಗೂ ಕಥೆ ಹೇಳುವ ಧ್ವನಿ ಬೇಕು. ಕೋಣೆಯಲ್ಲಿ ಗಂಭೀರವಾಗಿ ಕೇಳುವ ಬೇಸ್ (ತಗ್ಗಿನ ಸದ್ದು), ವಿಜಯದಶಮಿಯ ರಾತ್ರಿ ಬೀದಿಯ ದೊಡ್ಡ ಸ್ಪೀಕರಿನಲ್ಲಿ ದೇವಿಯ ಮಾತನ್ನೇ ನುಂಗಿಬಿಡುತ್ತದೆ. ಅದನ್ನು ತಗ್ಗಿಸಿ ಮಾತನ್ನು ಮೇಲೆತ್ತುವುದನ್ನು ಕಲಿತವರು ಎಲ್ಲಿ ಹೋದರೂ ಬದುಕುತ್ತಾರೆ.

ಒಬ್ಬರು ನನ್ನಿಂದ ಪೂರ್ತಿ ಕಡತಗಳನ್ನು ಪಡೆದುಕೊಂಡು, ಉಳಿದ ಹಣ ಕೇಳಿದಾಗ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಮೂರು ತಿಂಗಳ ಶ್ರಮ ಅದು, ಇಂದಿಗೂ ನೋಯುತ್ತದೆ. ಅಂದಿನಿಂದ ಅರ್ಧ ಹಣ ಮೊದಲು, ಉಳಿದದ್ದು ಅಂತಿಮ ಕಡತ ಕೊಡುವ ಮೊದಲು. ಒಪ್ಪಂದ ಒಂದೇ ಪುಟವಾದರೂ ಬರಹದಲ್ಲಿರಲಿ. ರಾಗ ನಿಮ್ಮದಾಗಿದ್ದರೆ 2012ರ ಹಕ್ಕುಸ್ವಾಮ್ಯ ತಿದ್ದುಪಡಿಯನ್ನು ಓದಿಕೊಳ್ಳಿ. ರಾಯಧನದಲ್ಲಿ ಸಾಹಿತ್ಯ ಬರೆದವರ ಮತ್ತು ರಾಗ ಕಟ್ಟಿದವರ ಪಾಲಿಗೆ ಅದು ರಕ್ಷಣೆ ಕೊಟ್ಟಿದೆ. ಅವರ ಪರವಾಗಿ ರಾಯಧನ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯತ್ವದ ಬಗ್ಗೆಯೂ ವಿಚಾರಿಸಿ.

ಬೆಂಗಳೂರು ಬೇಡವೇ ಬೇಡ ಎನ್ನುತ್ತಿಲ್ಲ. ಪಿಟೀಲು ತಂಡವನ್ನು ಹೇಗೆ ಕೂರಿಸುತ್ತಾರೆ, ಅನುಭವಿ ಎಂಜಿನಿಯರ್ ಮಿಕ್ಸ್ ಮಾಡುವಾಗ ಯಾವುದನ್ನು ಮುಟ್ಟದೆ ಬಿಡುತ್ತಾರೆ ಎಂದು ಪಕ್ಕದಲ್ಲಿ ಕುಳಿತು ನೋಡಲು ಕೆಲವು ತಿಂಗಳು ಹೋಗಿ ಬನ್ನಿ. ಮುಗಿಸಿದ ಹಾಡುಗಳು ಕೈಯಲ್ಲಿದ್ದರೆ ಒಳಗೆ ಕೂರಿಸಿಕೊಳ್ಳುತ್ತಾರೆ.

ಅಷ್ಟರೊಳಗೆ ನಮ್ಮ ಸುಗ್ಗಿಯ ಹಬ್ಬ ಹುತ್ತರಿ ಬರುತ್ತದೆ. ನಿಮ್ಮೂರಿನ ಮಂದ್‌ನಲ್ಲಿ (ಊರವರು ಸೇರುವ ಬಯಲಿನಲ್ಲಿ) ಕೋಲಾಟ ನಡೆಯುವಾಗ ಮೊಬೈಲಿನಲ್ಲಾದರೂ ಸರಿ, ಮೂರು ಬೇರೆ ಬೇರೆ ಜಾಗಗಳಲ್ಲಿ ನಿಂತು ರೆಕಾರ್ಡ್ ಮಾಡಿ ನನಗೆ ಕಳಿಸಿ. ಕೋಲಿನ ಸದ್ದಿನ ನಡುವೆ ಹಾಡಿನ ಮಾತು ಯಾವುದರಲ್ಲಿ ಕೇಳುತ್ತದೆ ಎಂದು ನೀವೇ ಬರೆದಿರಿ. ನಾನು ಕೇಳಿ ಉತ್ತರಿಸುತ್ತೇನೆ.