ಕಡಿಮೆ ದುಡ್ಡಿಗೆ ವೇಡರ್, ಬೂಟು ಕೊಳ್ಳುವವರಿಗೆ

ಮಿಷಿಗನ್‌ನಲ್ಲಿ ಏಪ್ರಿಲ್ ಕೊನೆಯ ಶನಿವಾರ ಟ್ರೌಟ್ ಮೀನು ಹಿಡಿಯುವ ಸೀಸನ್ ಶುರುವಾಗುವ ಹೊತ್ತಿಗೆ ಹೊಳೆ ನೀರು ಇನ್ನೂ ಕೊರೆಯುತ್ತಿರುತ್ತದೆ. ವೇಡರ್, ಅಂದರೆ ಹೊಳೆಗಿಳಿಯಲು ತೊಡುವ, ನೀರು ಒಳಬಿಡದ ಉದ್ದ ಉಡುಪು, ಬೇಕೇ ಬೇಕು. ಕೈಯಲ್ಲಿ 300 ಡಾಲರ್ ಇದೆ ಅನ್ನಿ, ಅರ್ಧ ವೇಡರಿಗೆ, ಅರ್ಧ ಬೂಟಿಗೆ ಇಡಿ. ಬಹಳ ಮಂದಿ ದುಡ್ಡನ್ನೆಲ್ಲ ವೇಡರಿಗೆ ಸುರಿದು, ಬೂಟು ಯಾವುದಾದರೇನು ಅಂದುಕೊಳ್ಳುತ್ತಾರೆ. ತೂತು ಬಿದ್ದ ವೇಡರಿಗೆ ತೇಪೆ ಹಾಕಬಹುದು. ಕಲ್ಲಿನ ಮೇಲೆ ಕಣಕಾಲು ಹೊರಳಿಸುವ ಬೂಟಿಗೆ ಮದ್ದಿಲ್ಲ.

ಮೀನಿಗೂ ಬಾತುಕೋಳಿ ಬೇಟೆಗೂ ಒಂದೇ ಸಾಕು ಅನ್ನುವವರು ಎದೆಮಟ್ಟದ ಬ್ರೀದಬಲ್ ಸ್ಟಾಕಿಂಗ್‌ಫುಟ್ ಕೊಳ್ಳಿ, ಅಂದರೆ ಬೆವರಿನ ಆವಿ ಹೊರಬಿಡುವ ಬಟ್ಟೆಯದು, ಪಾದಕ್ಕೆ ನಿಯೊಪ್ರೀನ್ (ರಬ್ಬರಿನಂಥ ದಪ್ಪ ಬಟ್ಟೆ) ಕಾಲುಚೀಲವಿದ್ದು ಬೂಟು ಬೇರೆ ಇರುವಂಥದ್ದು. ಚಳಿಗೆ ಒಳಗೆ ಫ್ಲೀಸ್ ಪ್ಯಾಂಟ್ ಹಾಕಿಕೊಂಡರಾಯಿತು. ಜೀನ್ಸ್ ಬೇಡ, ಬೆವರು ಹೀರಿಕೊಂಡು ತಣ್ಣಗೆ ಅಂಟಿಕೊಳ್ಳುತ್ತದೆ. 5 ಮಿ.ಮೀ. ನಿಯೊಪ್ರೀನ್, ಬೂಟು ಅಂಟಿಕೊಂಡೇ ಬರುವ ಬೂಟ್‌ಫುಟ್, ಇವು ನವೆಂಬರ್‌ನಲ್ಲಿ ಜೌಗಿನೊಳಗೆ ಗಂಟೆಗಟ್ಟಲೆ ಕದಲದೆ ಕೂರುವವರಿಗೆ. ಅದನ್ನೇ ತೊಟ್ಟು ಜೂನ್‌ನಲ್ಲಿ ಒಂದು ಮೈಲಿ ನಡೆದರೆ ಒಳಗಿನಿಂದಲೇ ನೆನೆಯುತ್ತೀರಿ. ಪಿವಿಸಿ ಎಲ್ಲಕ್ಕಿಂತ ಅಗ್ಗ, ಆದರೆ ಮೊಣಕಾಲು ಮಡಚುವ ಜಾಗದಲ್ಲೇ ಬಿರುಕು ಬಿಡುತ್ತದೆ.

ಅಗ್ಗದ ವೇಡರ್ ಕೆಡುವುದು ಹೆಚ್ಚಾಗಿ ಬಟ್ಟೆಯಿಂದಲ್ಲ, ಅಳತೆಯಿಂದ. ಒಳಗೆ ಹಾಕುವ ಬಟ್ಟೆಯನ್ನೂ ಹಾಕಿಕೊಂಡೇ ಅಂಗಡಿಯಲ್ಲಿ ತೊಟ್ಟು ನೋಡಿ. ಕುಕ್ಕರುಗಾಲಿನಲ್ಲಿ ಕೂರಿ, ಒಂದು ಕಾಲನ್ನು ಕುರ್ಚಿಯ ಮೇಲಿಡಿ. ತೊಡೆಸಂದಿನ ಹೊಲಿಗೆ ಬಿಗಿದರೆ ಮುಂದೆ ಸೋರುವುದು ಅಲ್ಲಿಂದಲೇ. ನಮ್ಮವರಲ್ಲಿ ಹಲವರಿಗೆ ಇಲ್ಲಿನ ಮೀಡಿಯಂ ಸೊಂಟಕ್ಕೆ ಸರಿ, ಕಾಲಿಗೆ ಉದ್ದ. ಮಿಕ್ಕ ಬಟ್ಟೆ ಬೂಟಿನ ಮೇಲೆ ಮುದ್ದೆಯಾಗಿ, ಒಂದು ಕಾಲು ಇನ್ನೊಂದಕ್ಕೆ ಉಜ್ಜಿ ಸವೆಯುತ್ತದೆ. ‘ಶಾರ್ಟ್’ ಅಳತೆ ಇರುವ ಕಂಪನಿಯನ್ನೇ ಹುಡುಕಿ. ಮೊಣಕಾಲಿಗೆ ಎರಡು ಪದರ ಬಟ್ಟೆ ಇದೆಯೇ, ಮರಳು ತಡೆಯುವ ಗ್ರಾವೆಲ್ ಗಾರ್ಡ್ ಇದೆಯೇ ನೋಡಿ. ಬೂಟಿನೊಳಗೆ ಸೇರಿದ ಮರಳು ಕಾಲುಚೀಲವನ್ನು ತಿಂದುಹಾಕುತ್ತದೆ.

ಬೂಟು ಸಾಮಾನ್ಯವಾಗಿ ಒಂದು ಸೈಜ್ ದೊಡ್ಡದಿರಬೇಕು. ಕೆಲವು ಕಂಪನಿಗಳು ಕಾಲುಚೀಲದ ದಪ್ಪವನ್ನು ಮೊದಲೇ ಲೆಕ್ಕ ಹಿಡಿದಿರುತ್ತವೆ, ಚಾರ್ಟ್ ನೋಡಿ. ಬೆರಳು ಆಡದಷ್ಟು ಬಿಗಿಯಾದರೆ ರಕ್ತ ಓಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಪಾಚಿಗಲ್ಲಿನ ಮೇಲೆ ಫೆಲ್ಟ್ (ಒತ್ತಿದ ಕಂಬಳಿಯಂಥ ಬಟ್ಟೆ) ಅಟ್ಟೆಯ ಹಿಡಿತವೇ ಹಿಡಿತ, ಒಪ್ಪುತ್ತೇನೆ. ಆದರೆ ಹಿಮದಲ್ಲಿ ನಡೆದರೆ ಉಂಡೆ ಕಟ್ಟುತ್ತದೆ, ಒಣಗಲು ದಿನಗಳೇ ಬೇಕು, ಒಂದು ಹೊಳೆಯ ಜೀವಿಯನ್ನು ಇನ್ನೊಂದಕ್ಕೆ ಹೊರುತ್ತದೆ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ, ಮೇರಿಲ್ಯಾಂಡ್‌ಗಳಲ್ಲಿ ಅದಕ್ಕೆ ನಿಷೇಧವಿದೆ. ರಬ್ಬರ್ ಅಟ್ಟೆ ತೆಗೆದುಕೊಂಡು ಕಾರ್ಬೈಡ್ ಸ್ಟಡ್ (ಗಟ್ಟಿಯಾದ ಗಿಡ್ಡ ಮೊಳೆ) ತಿರುಗಿಸಿ ಕೂರಿಸಿ. ಸ್ಟಡ್ ಹಾಕಿದ ಬೂಟಿನಲ್ಲಿ ಮಾತ್ರ ಯಾರ ರಬ್ಬರ್ ದೋಣಿಗೂ ಹತ್ತಬೇಡಿ.

ಬೆಲ್ಟ್ ಸಾಮಾನ್ಯವಾಗಿ ವೇಡರಿನ ಜೊತೆಗೇ ಬರುತ್ತದೆ, ಬಿಗಿಯಾಗಿ ಕಟ್ಟಿ. ಬಿದ್ದಾಗ ಒಳಗೆ ನುಗ್ಗಿದ ನೀರು ನಿಮ್ಮನ್ನು ತಳಕ್ಕೆ ಎಳೆಯುವುದಿಲ್ಲ, ನೀರಿನಲ್ಲಿ ನೀರಿಗೆ ಭಾರವಿಲ್ಲ. ದಡ ಹತ್ತುವಾಗ ಮಾತ್ರ ಆ ಭಾರವೆಲ್ಲ ಕಾಲಿಗೆ ಬೀಳುತ್ತದೆ, ಅದಕ್ಕೂ ಮೊದಲು ನೀರು ತುಂಬಿದ ವೇಡರನ್ನು ಹೊಳೆಯ ಸೆಳವು ಎಳೆಯುತ್ತಿರುತ್ತದೆ. ಬೆಲ್ಟ್ ಇದ್ದರೆ ನೀರು ಒಳಗಿಳಿಯುವುದು ನಿಧಾನವಾಗುತ್ತದೆ.

ಸೋರಿಕೆ ಹುಡುಕುವುದು ಸುಲಭ. ಬ್ರೀದಬಲ್ ವೇಡರ್ ಪೂರ್ತಿ ಒಣಗಿದ ಮೇಲೆ ಒಳಮೈ ಹೊರಗೆ ತಿರುವಿ, ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ. ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಪೆನ್ನಿನಿಂದ ಸುತ್ತು ಹಾಕಿ, ಆಲ್ಕೊಹಾಲ್ ಆರಿದ ಮೇಲೆ ಅಕ್ವಾಸೀಲ್ ಅಂಟು ಒಂದು ಹನಿ ಹಚ್ಚಿ, ಚುಕ್ಕೆಯ ಆಚೆಗೂ ಕಾಲು ಇಂಚು ಸವರಿ, ರಾತ್ರಿಯಿಡೀ ಮುಟ್ಟಬೇಡಿ. ಟ್ಯೂಬ್ ಒಮ್ಮೆ ತೆರೆದರೆ ಮಿಕ್ಕ ಅಂಟೂ ಗಟ್ಟಿಯಾಗುತ್ತದೆ, ಮುಚ್ಚಳ ಬಿಗಿಮಾಡಿ ಫ್ರೀಜರಿನಲ್ಲಿಟ್ಟರೆ ಹೆಚ್ಚು ದಿನ ಬಾಳುತ್ತದೆ. ನಿಯೊಪ್ರೀನಿಗೆ ಈ ಉಪಾಯ ನಡೆಯದು. ವೇಡರಿನ ಬಾಯಿ ತಿರುಚಿ ಒಳಗೆ ಗಾಳಿ ತುಂಬಿ, ಮೇಲೆ ಸೋಪಿನ ನೀರು ಸವರಿ ಗುಳ್ಳೆ ಏಳುವುದನ್ನು ನೋಡಿ.

ಮಿಷಿಗನ್‌ನ ಪೆರೆ ಮಾರ್ಕೆಟ್ (Pere Marquette) ಹೊಳೆಯಲ್ಲಿ 2015ರಲ್ಲಿ ನ್ಯೂಜಿಲೆಂಡ್ ಕೆಸರುಬಸವನಹುಳು, ಹೊರಗಿನಿಂದ ಬಂದು ಹೊಳೆಯಿಂದ ಹೊಳೆಗೆ ಹರಡುವ ಜೀವಿ, ಸಿಕ್ಕಿತು, ಆಮೇಲೆ ಬೇರೆ ಹೊಳೆಗಳಲ್ಲೂ. ಅಕ್ಕಿಕಾಳಿಗಿಂತ ಚಿಕ್ಕದಾದ ಅದು ಲೇಸಿನ ಸಂದಿಯಲ್ಲಿ ಕೂತರೆ ಕಾಣುವುದಿಲ್ಲ. ಕಾರು ಹತ್ತುವ ಮುಂಚೆ ಬೂಟನ್ನು ಬ್ರಷ್ಷಿನಿಂದ ಉಜ್ಜಿ, ಲೇಸು ಸಡಿಲಿಸಿ, ಒಳಅಟ್ಟೆ ಹೊರಗೆ ತೆಗೆಯಿರಿ. ವೇಡರನ್ನು ಮಡಚಿ ಡಿಕ್ಕಿಯಲ್ಲೇ ಬಿಡಬೇಡಿ, ಮನೆಗೆ ಬಂದು ನೆರಳಲ್ಲಿ ತೂಗುಹಾಕಿ. ಹೊರಮೈ ಒಣಗಿದ ಮೇಲೆ ಒಳಮೈ ತಿರುವಿ ಅದನ್ನೂ ಒಣಗಿಸಿ.